ಜಲ್ಲಿ ಪಾಠ

ಬೈಕಿಗೆ ಪೊರಕೆ ಕಟ್ಟಿಕೊಂಡು ಪ್ರವಾಸ ಹೋಗುವ ಜನ ಬೇರೆಲ್ಲಾದರೂ ಇದ್ದಾರೋ ಇಲ್ಲವೋ, ಆ ಊರಿನಲ್ಲಂತೂ ಹನ್ನೊಂದು ಜೋಡಿ ಇದ್ದರು. ಒಂದು ಮೊಳ ಉದ್ದದ ಮೋಟು ಪೊರಕೆ. ಹಿಂದಿನ ಸೀಟಿನ ಪಕ್ಕದ ಕಂಬಿಗೆ ರಬ್ಬರ್ ಪಟ್ಟಿಯಲ್ಲಿ ಬಿಗಿದಿರುತ್ತಿತ್ತು. ತಿರುವಿನಲ್ಲಿ ಜಲ್ಲಿ ಕಂಡರೆ ಮುಂದಿನವನು ಎಡಗೈ ಎತ್ತಬೇಕು, ಸಾಲೆಲ್ಲ ನಿಲ್ಲಬೇಕು, ಹಿಂದೆ ಕೂತ ಹೆಂಗಸರು ಇಳಿದು ಗುಡಿಸಬೇಕು. ಗಂಡಸರು ಹೆಲ್ಮೆಟ್ ತೆಗೆಯದೆ ಗಾಡಿಯ ಮೇಲೆಯೇ ಕೂತಿರಬೇಕು. ಅದಕ್ಕೆ ಸುರಕ್ಷತೆ ಎಂದು ಹೆಸರು.

ಈ ನಿಯಮ ಮಾಡಿದವನು ಕ್ಯಾಪ್ಟನ್. ಅವನು ಯಾವ ಸೈನ್ಯದ ಬಾಗಿಲನ್ನೂ ತುಳಿದವನಲ್ಲ. ಊರಿನ ಹಿಟ್ಟಿನ ಗಿರಣಿಯ ಯಜಮಾನ, ಅಷ್ಟೆ. ಜೋಡಿ ಸವಾರರ ಸಂಘವೆಂದು ಒಂದು ಕಟ್ಟಿ, ವರ್ಷಕ್ಕೆ ಎರಡು ಸಲ ಗಂಡಹೆಂಡಿರನ್ನು ಬೈಕಿನ ಮೇಲೆ ಬೆಟ್ಟದ ಮೇಲಿನ ರಸ್ತೆಗಳಿಗೆ ಕರೆದೊಯ್ಯುತ್ತಿದ್ದ. ಕಿತ್ತಳೆ ಬಣ್ಣದ ಜಾಕೆಟ್ಟು, ಕೊರಳಲ್ಲಿ ಸೀಟಿ, ಹಣೆಗೆ ಏರಿಸಿದ ಕಪ್ಪು ಕನ್ನಡಕ. ಮೊದಲೊಬ್ಬ ತಮಾಷೆಗೆ ಕ್ಯಾಪ್ಟನ್ ಅಂದ. ಇವನು ತಮಾಷೆಯೆಂದು ತಿಳಿಯಲಿಲ್ಲ. ಹೆಸರು ನಿಂತಿತು.

ಅವನ ಹೆಂಡತಿಯನ್ನು ಊರೆಲ್ಲ ಸೀಟಕ್ಕ ಎನ್ನುತ್ತಿತ್ತು. ಗಿರಣಿಯ ಮುಂದಿನ ಕೋಣೆಯಲ್ಲಿ ದಪ್ಪ ಸೂಜಿಯ ಮಿಷನ್ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಬೈಕಿನ ಸೀಟು ಹೊಲಿಯುತ್ತಿದ್ದಳು. ಹಳೇ ರೆಕ್ಸಿನ್ ಸುಲಿದು, ಕುಸಿದ ಸ್ಪಂಜು ತೆಗೆದು, ಹೊಸದನ್ನು ಅಂಟಿಸಿ, ಎಳೆದು ಮೊಳೆ ಹೊಡೆಯುವಷ್ಟರಲ್ಲಿ ಆ ಗಾಡಿಯವನ ಜಾತಕ ಅವಳ ಕೈಗೆ ಸಿಕ್ಕಿರುತ್ತಿತ್ತು. ಬಲಕ್ಕೆ ಕುಸಿದ ಸೀಟು ಸೋಮಾರಿಯದು. ಹಿಂದಿನ ಭಾಗ ಸವೆಯದೇ ಉಳಿದಿದ್ದರೆ ಮನೆಯಲ್ಲಿ ಮಾತುಕತೆ ಇಲ್ಲ. ತನ್ನ ಗಂಡನ ಸೀಟು ಮುಂತುದಿಯಲ್ಲಿ ಮಾತ್ರ ಕುಸಿಯುತ್ತಿತ್ತು: ಗಳಿಗೆಗೊಮ್ಮೆ ಕನ್ನಡಿಯ ಕಡೆಗೆ ಜರುಗುವವನ ಸೀಟು. ಕನ್ನಡಿಯಲ್ಲಿ ಅವನು ನೋಡುತ್ತಿದ್ದುದು ಹಿಂದಿನ ಲಾರಿಯನ್ನಲ್ಲ.

ಹೋದ ವರ್ಷ ಅವರಿಬ್ಬರೂ ಬಿದ್ದಿದ್ದರು. ಬೆಟ್ಟದ ಮೇಲಿನ ಒಂದು ಚಹಾದಂಗಡಿಯಿಂದ ಹೊರಟು ನೂರು ಗಜ ಹೋಗಿರಲಿಲ್ಲ, ಎಡ ತಿರುವಿನಲ್ಲಿ ಗಾಡಿಯನ್ನು ಯಾರೋ ಕೆಳಗಿನಿಂದ ಒದ್ದ ಹಾಗಾಯಿತು. ಸೀಟಕ್ಕ ರಸ್ತೆಯ ಮೇಲೆ ಬಿದ್ದಿದ್ದಲ್ಲಿಂದಲೇ ನೋಡಿದಳು. ಬಲಮಗ್ಗುಲಾಗಿ ಮಲಗಿದ ಬೈಕು. ಎಡಗಡೆಯ ಸ್ಟ್ಯಾಂಡು ಮಡಚದೆ ಸತ್ತ ಆಡಿನ ಕಾಲಿನಂತೆ ಆಕಾಶಕ್ಕೆ ಚಾಚಿತ್ತು. ಟಾರಿನ ಮೇಲೆ ಅದು ಗೀರಿದ ಬಿಳಿ ಗೆರೆ. ಗುಡಿಸಿಟ್ಟ ಅಂಗಳದಂಥ ರಸ್ತೆ. ಒಂದೇ ಒಂದು ಕಲ್ಲಿರಲಿಲ್ಲ.

ಅವಳ ಎಡ ಭುಜದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಸಂಘದವರು ಮಂಚದ ಸುತ್ತ ನಿಂತಾಗ ಕ್ಯಾಪ್ಟನ್, "ಜಲ್ಲಿ ಕಣ್ರಪ್ಪ, ಜಲ್ಲಿ. ನಾನಾಗಿದ್ದಕ್ಕೆ ಇಷ್ಟರಲ್ಲಿ ಉಳಿಸಿದೆ" ಎಂದು ಅವಳ ಕಡೆ ನೋಡಿದ. ನೋವಿನ ಮಾತ್ರೆಯ ಮಂಪರಿನಲ್ಲಿ ಅವಳು ಕಣ್ಣು ಮುಚ್ಚಿದಳು. ಅದನ್ನೇ ಅವರೆಲ್ಲ ಹೌದೆಂದು ತಿಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಪುಣ್ಯಾತ್ಮ ಡೊಂಕು ನೆಲ ಗುಡಿಸಲು ಸಂಘವನ್ನೇ ಹಚ್ಚಿದ. ಬಾಗಿದ ಸ್ಟ್ಯಾಂಡನ್ನು ಊರಿನ ವೆಲ್ಡಿಂಗ್ ಅಂಗಡಿ ಬಿಟ್ಟು, ಮೂರನೇ ಊರಿಗೆ ಹೋಗಿ ನೆಟ್ಟಗೆ ಮಾಡಿಸಿಕೊಂಡು ಬಂದ. ಆಮೇಲೆ ಜಲ್ಲಿ ಪಾಠ ಶುರುವಾಯಿತು. ಆಮೇಲೆ ಪೊರಕೆ.

ಸೀಟಕ್ಕ ಬಾಯಿ ಬಿಡಲಿಲ್ಲ. ಗಂಡನ ಮರ್ಯಾದೆ ಎಂದು ಮೊದಲು ಸುಮ್ಮನಿದ್ದಳು. ತಡವಾಯಿತು ಎಂದು ಆಮೇಲೆ. ಅದರ ಬದಲು ಅವಳ ಕಾಲು ಒಂದು ಕೆಲಸ ಕಲಿತಿತ್ತು. ಅವನು ಗಾಡಿಯನ್ನು ನೆಟ್ಟಗೆ ನಿಲ್ಲಿಸಿ "ಹತ್ತು" ಎಂದೊಡನೆ ಅವಳು ಎಡಗಡೆಯಿಂದ ಬಂದು ಬೂಟಿನ ತುದಿಯಿಂದ ಸ್ಟ್ಯಾಂಡನ್ನು ಹಿಂದಕ್ಕೆ ತಳ್ಳಿ ಆಮೇಲೆ ಹತ್ತುವಳು. ಟಕ್ ಎನ್ನುವ ಆ ಸದ್ದು ಎಂಜಿನ್ನಿನ ಸದ್ದಿನಲ್ಲಿ ಮುಳುಗುತ್ತಿತ್ತು. ಜೋಡಿಯಿಲ್ಲದೆ ಅವನು ಆ ಗಾಡಿಯನ್ನು ಹೊರಗೆ ತೆಗೆಯುತ್ತಿರಲಿಲ್ಲ. ಒಂದು ವರ್ಷದಿಂದ ಅವನು ತಾನಾಗಿ ಒಂದು ಸಲವೂ ಸ್ಟ್ಯಾಂಡ್ ಎತ್ತಿರಲಿಲ್ಲ. ಎತ್ತಿಲ್ಲವೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಹೀಗೆಯೇ ನಡೆದುಹೋಗುತ್ತಿತ್ತೋ ಏನೋ. ಆದರೆ ಪ್ರವಾಸಕ್ಕೆ ಮೂರು ದಿನ ಇರುವಾಗ ವೈರ್‌ಮನ್ ತನ್ನ ಗಾಡಿ ತಂದ. ಮದುವೆಯಾಗಿ ನಾಲ್ಕು ತಿಂಗಳು. ಹೆಂಡತಿ ಇದುವರೆಗೆ ಬೈಕಿನ ಮೇಲೆ ಊರ ಗಡಿ ದಾಟಿದವಳಲ್ಲ. ಅವನದೂ ಕ್ಯಾಪ್ಟನ್ನನದಂಥದೇ ಹಳೇ ಗಾಡಿ. ಸ್ಟ್ಯಾಂಡ್ ಇಳಿದಿದ್ದರೆ ತಾನಾಗಿ ಎಂಜಿನ್ ನಿಲ್ಲಿಸುವ ಹೊಸ ಗಾಡಿಗಳ ಬುದ್ಧಿ ಅದಕ್ಕಿಲ್ಲ.

ಸೀಟಕ್ಕ ಹಿಂದಿನ ಸೀಟಿಗೆ ಎರಡು ಬೆರಳು ಸ್ಪಂಜು ಏರಿಸಿ ಕೊಟ್ಟಳು. ಹುಡುಗಿ ಕೂತು ನೋಡಿ, "ಅಕ್ಕಾ, ಸೋಫಾ ಇದ್ದಂಗಿದೆ" ಎಂದು ನಕ್ಕಳು. ವೈರ್‌ಮನ್ ಗಾಡಿ ಶುರು ಮಾಡಿ ಹೊರಟ. ಸ್ಟ್ಯಾಂಡು ಇಳಿದೇ ಇತ್ತು.

"ಏಯ್! ನಿಲ್ಸೋ!"

ಅವಳ ಕೂಗಿಗೆ ಗಿರಣಿಯೊಳಗೆ ಹಿಟ್ಟು ಮುಸುಕಿದ ತಲೆಗಳು ಹೊರಬಂದವು. ವೈರ್‌ಮನ್ ಕೆಳಗೆ ನೋಡಿ ಹಲ್ಲುಕಿರಿದ. "ಅಯ್ಯೋ, ಇದಾ ಅಕ್ಕ? ನಾನು ಜಲ್ಲಿ ಏನಾದ್ರೂ ಇದೆಯೇನೋ ಅಂದ್ಕೊಂಡೆ. ಕ್ಯಾಪ್ಟನ್ ಸಾರ್ ಇದರ ಬಗ್ಗೆ ಏನೂ ಹೇಳೇ ಇಲ್ಲ ನೋಡಿ."

"ಹೇಳಲ್ಲ ಬಿಡು, ಅವರು ಹೇಳಲ್ಲ."

ಹುಡುಗಿ ಅವಳ ಭುಜದ ಗಂಟನ್ನು ನೋಡುತ್ತ, "ನೀವು ಬಿದ್ದಿದ್ದೂ ಜಲ್ಲೀಲೇ ಅಲ್ವಾ ಅಕ್ಕಾ? ನಾನು ಹೊಸ ಪೊರಕೆ ತಗೊಂಡಿದೀನಿ" ಎಂದಳು.

ಅಂದು ಸೂಜಿ ಎರಡು ಸಲ ಮುರಿಯಿತು. ಮಧ್ಯಾಹ್ನ ಗಂಡ ಬೀಸುವ ಕಲ್ಲನ್ನು ಮಗುಚಿ ಉಳಿಯಿಂದ ಹಲ್ಲು ಕುಟ್ಟುತ್ತಿದ್ದಾಗ ಅವಳು ಹೋಗಿ ಎದುರು ನಿಂತಳು.

"ರೀ, ಭಾನುವಾರ ನೀವು ನಿಜ ಹೇಳ್ಬಿಡಿ. ಸ್ಟ್ಯಾಂಡ್ ಎತ್ತೋದು ಮರ್ತಿದ್ದೆ ಅಂತ. ಮುಗೀತು."

ಉಳಿ ನಿಂತಿತು. "ಮರ್ತಿದ್ದು ಯಾರು?"

"ನಾನು! ಹಿಂದಿನ ಸೀಟಲ್ಲಿ ಕೂತ್ಕೊಂಡು ಗಾಡಿ ಓಡಿಸ್ತಿದ್ದೆ!"

"ಒಂದ್ಸಲ ಏನೋ ಆಯ್ತು ಕಣೇ. ಅದಾದ್ಮೇಲೆ ಯಾವತ್ತಾದ್ರೂ ಮರ್ತಿದೀನಾ? ಒಂದೇ ಒಂದ್ಸಲ ತೋರ್ಸು."

ಸೀಟಕ್ಕ ತನ್ನ ಎಡಗಾಲನ್ನು ನೋಡಿಕೊಂಡಳು. "ಆ ವೈರ್‌ಮನ್ ಹೆಂಡ್ತಿ ಎಳೇ ಹುಡುಗಿ ರೀ. ಅವಳಿಗೇನಾದ್ರೂ ಆದ್ರೆ?"

"ಆಯ್ತಪ್ಪ, ಮಾತಿನ ನಡುವೆ ಅದನ್ನೂ ಸೇರಿಸ್ತೀನಿ" ಎಂದು ಅವನು ಕಲ್ಲಿನ ಮೇಲೆ ಬಗ್ಗಿದ. ಬೆನ್ನು ಹೇಳುತ್ತಿತ್ತು, ಸೇರಿಸುವುದಿಲ್ಲವೆಂದು.

ಭಾನುವಾರ ಬೆಳಿಗ್ಗೆ ಪೆಟ್ರೋಲ್ ಬಂಕಿನ ಅಂಗಳದಲ್ಲಿ ಹನ್ನೊಂದು ಗಾಡಿಗಳು ಸಾಲಾಗಿ ನಿಂತವು. ಇಪ್ಪತ್ತೆರಡು ಕಿತ್ತಳೆ ಜಾಕೆಟ್ಟು, ಹನ್ನೊಂದು ಪೊರಕೆ. ಪೆಟ್ರೋಲ್ ಹಾಕುವ ಹೆಂಗಸು ಪೈಪು ಹಿಡಿದುಕೊಂಡೇ ಪೊರಕೆಗಳನ್ನು ಎಣಿಸಿ, "ಏನಕ್ಕ, ಯಾವೂರು ಗುಡಿಸೋಕೆ ಹೊರಟ್ರಿ?" ಎಂದಳು. ಸೀಟಕ್ಕನಿಗೆ ನಗುವೂ ಬಂತು, ನಾಚಿಕೆಯೂ ಆಯಿತು.

ಕ್ಯಾಪ್ಟನ್ ಸೀಟಿ ಊದಿದ. ಎಣ್ಣೆಯ ಡಬ್ಬಗಳನ್ನು ಜೋಡಿಸಿಟ್ಟ ಮೆಟ್ಟಿಲ ಮೇಲೆ ನಿಂತು ಪಾಠ ಮಾಡಿದ. ಜಲ್ಲಿ ಮೂರು ಬಗೆ: ಕಾಣುವ ಜಲ್ಲಿ, ಕಾಣದ ಜಲ್ಲಿ, ಕಂಡೂ ಕಾಣದ ಜಲ್ಲಿ. ಶಾಲೆಯ ಮೇಷ್ಟ್ರು, ಮಕ್ಕಳಿಗೆ ನಲವತ್ತು ವರ್ಷ ಬುದ್ಧಿ ಹೇಳಿದವರು, ಪುಸ್ತಕ ತೆಗೆದು ಬರೆದುಕೊಂಡರು. ಮೆಡಿಕಲ್ ಅಂಗಡಿಯವನು ತಲೆದೂಗಿದ. ಸ್ಟ್ಯಾಂಡಿನ ಮಾತು ಬರಲಿಲ್ಲ. ಕಡೆಗೆ ಕ್ಯಾಪ್ಟನ್ ಕೈ ಚಾಚಿ, "ಜಲ್ಲಿಯ ನೋವು ಉಂಡವರು ಇಲ್ಲೇ ಇದಾರೆ. ಒಂದೆರಡು ಮಾತು ಆಡ್ತಾರೆ" ಎಂದ. ಪ್ರತಿ ಸಲವೂ ಹೀಗೆಯೇ. ಅವಳು ಎದ್ದು "ಹುಷಾರಾಗಿ ಹೋಗಿ ಬನ್ನಿ" ಎಂದು ಕೂರುವಳು, ಚಪ್ಪಾಳೆ ಬೀಳುವುದು.

ವೈರ್‌ಮನ್ನನ ಹೆಂಡತಿ ಹೊಸ ಹೆಲ್ಮೆಟ್ಟಿನ ಪಟ್ಟಿ ಸಿಕ್ಕಿಸಲು ಬಾರದೆ ಗದ್ದ ಮೇಲೆತ್ತಿ ಒದ್ದಾಡುತ್ತಿದ್ದಳು. ಸೀಟಕ್ಕ ಅವಳ ಪಟ್ಟಿ ಸಿಕ್ಕಿಸಿ ತಿರುಗಿ ನಿಂತಳು.

"ಆವತ್ತು ಅಲ್ಲಿ ಜಲ್ಲಿ ಇರ್ಲಿಲ್ಲ. ಇವರು ಸೈಡ್ ಸ್ಟ್ಯಾಂಡ್ ಎತ್ತದೆ ಗಾಡಿ ಬಿಟ್ರು. ಎಡಕ್ಕೆ ವಾಲಿದಾಗ ಅದು ನೆಲಕ್ಕೆ ಹೊಡೀತು. ಅದಕ್ಕೇ ಬಿದ್ವಿ."

ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ಇದ್ದವು. ಕ್ಯಾಪ್ಟನ್ ಮೆಟ್ಟಿಲಿಳಿದು ಬಂದು, ರೋಗಿಯ ಹತ್ತಿರ ಮಾತಾಡುವವನಂತೆ ಮೆಲ್ಲಗೆ, "ಪಾಪ, ಅವಳ ತಪ್ಪಲ್ಲ. ಆವತ್ತು ತಲೆಗೂ ಪೆಟ್ಟು ಬಿದ್ದಿತ್ತು" ಎಂದ.

"ಹೌದೌದು, ಅಂಥ ಏಟಿಗೆ ನೆನಪು ಕಲಸಿ ಹೋಗುತ್ತೆ. ಮಾತ್ರೆ ಇದೆ, ಕೊಡ್ತೀನಿ ಅಕ್ಕ" ಎಂದ ಮೆಡಿಕಲ್ ಅಂಗಡಿಯವನು.

"ನನ್ನ ಮೂಳೆ ಮುರಿದಿದ್ದು ಭುಜದಲ್ಲಿ. ನಿಮ್ಮ ತಲೆಗೇನಾಗಿದೆ?"

ಮೇಷ್ಟ್ರು ಬರೆದ ಪುಟವನ್ನು ನೋಡಿದರು. ಶಾಯಿಯಲ್ಲಿ ಬರೆದದ್ದು, ಹೊಡೆದುಹಾಕಲು ಮನಸ್ಸು ಬರಲಿಲ್ಲ. ವರ್ಷವೆಲ್ಲ ಗುಡಿಸಿದ ರಸ್ತೆ ವ್ಯರ್ಥವೆಂದು ಒಪ್ಪುವುದಕ್ಕಿಂತ ಒಬ್ಬ ಹೆಂಗಸಿನ ತಲೆ ಕೆಟ್ಟಿದೆಯೆಂದು ಒಪ್ಪುವುದು ಅವರಿಗೆ ಸುಲಭವಾಗಿತ್ತು.

ಕ್ಯಾಪ್ಟನ್ನನ ಕಿವಿ ಕೆಂಪಾಗಿತ್ತು. ಗಾಡಿ ಏರಿ, ನೆಟ್ಟಗೆ ನಿಲ್ಲಿಸಿ, ಕಿಕ್ ಹೊಡೆದ. "ಸಾಕು, ಹತ್ತು."

ಅವಳ ಎಡಗಾಲು ತಾನಾಗಿಯೇ ಮುಂದೆ ಬಂತು. ಬೂಟಿನ ತುದಿ ಸ್ಟ್ಯಾಂಡಿಗೆ ಗೇಣು ದೂರದಲ್ಲಿತ್ತು. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

"ಬಂಕಿಗೆ ಒಂದು ಸುತ್ತು ಹಾಕ್ಕೊಂಡು ಬನ್ನಿ. ಆಮೇಲೆ ಹತ್ತೀನಿ."

"ಏನು, ಪರೀಕ್ಷೆನಾ?"

"ಹೂಂ. ನೆಲ ಗುಡಿಸಿದಂಗಿದೆ, ನೋಡ್ಕೊಳ್ಳಿ."

ಅವನು ಎಲ್ಲರೂ ನೋಡಲೆಂದೇ ಗುರ್ರೆಂದು ಬಿಟ್ಟ. ಸ್ಟ್ಯಾಂಡು ಎಡಕ್ಕೆ ಚಾಚಿಕೊಂಡೇ ಹೋಯಿತು. ಕಂಬ ದಾಟಿ ಎಡಕ್ಕೆ ತಿರುಗಬೇಕು; ಹದಿನೈದು ಗಜ. ಸೀಟಕ್ಕ ತುಟಿ ಬಿಗಿದಳು. ಬೀಳಲಿ, ಹನ್ನೊಂದು ಪೊರಕೆಯ ಮುಂದೆ ಬೀಳಲಿ. ಹತ್ತು ಗಜ. ಗಾಡಿ ವಾಲತೊಡಗಿತು. ಅವಳ ಭುಜದ ಗಂಟು ಚುಳ್ಳೆಂದಿತು.

"ರೀ! ವಾಲಿಸ್ಬೇಡಿ! ನೆಟ್ಟಗೆ ನಿಲ್ಸಿ!"

ಕರ್ರ್ ಎಂದು ಕಬ್ಬಿಣ ಕಾಂಕ್ರೀಟಿಗೆ ಉಜ್ಜಿದ ಸದ್ದು. ಗಾಡಿ ಒಮ್ಮೆ ಕುಪ್ಪಳಿಸಿ, ಬಲಕ್ಕೆ ತೊನೆದು, ನಿಂತಿತು. ಅವನು ಎರಡೂ ಕಾಲು ಊರಿ, ಕೊಕ್ಕರೆಯ ಹಾಗೆ ಕತ್ತು ಚಾಚಿ ನಿಂತಿದ್ದ. ನೆಲದ ಮೇಲೆ ಒಂದು ಗೇಣು ಉದ್ದದ ಬಿಳಿ ಗೆರೆ. ಗಾಡಿಯ ಕೆಳಗೆ ಚಾಚಿದ ಸ್ಟ್ಯಾಂಡು.

ಇಪ್ಪತ್ತೊಂದು ಜನ ಅದನ್ನೇ ನೋಡಿದರು. ಪೆಟ್ರೋಲ್ ಹಾಕುವ ಹೆಂಗಸು ಮಾತ್ರ ಬಾಯಿ ಬಿಟ್ಟಳು. "ಇಲ್ಲೆಲ್ಲಿ ಸಾರ್ ಜಲ್ಲಿ? ಬೆಳಿಗ್ಗೆ ನಾನೇ ತೊಳೆದಿದ್ದೆ."

ಕ್ಯಾಪ್ಟನ್ ಕೆಳಗೆ ನೋಡಿದ. ಹೆಂಡತಿಯ ಕಾಲನ್ನು ನೋಡಿದ. ಒಂದು ಗಳಿಗೆ ಅವನ ಮುಖ ಗಂಡನ ಮುಖವಾಗಿತ್ತು. ಅವಳಿಗೆ ಮನಸ್ಸು ಕರಗಿಯೂ ಬಿಡುತ್ತಿತ್ತು. ಅಷ್ಟರಲ್ಲಿ ಅವನು ಗಂಟಲು ಸರಿಮಾಡಿಕೊಂಡ.

"ಸ್ಪ್ರಿಂಗು. ಸ್ಪ್ರಿಂಗು ಸಡಿಲ ಆಗಿದೆ. ಎತ್ತಿದ್ದು ತಾನಾಗೇ ಬಿದ್ದಿದೆ. ಎಲ್ಲರೂ ಅವರವರ ಸ್ಪ್ರಿಂಗ್ ನೋಡ್ಕೊಳ್ಳಿ!"

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮೇಷ್ಟ್ರು ಹೊಸ ಪುಟ ತಿರುವಿ "ಸ್ಪ್ರಿಂಗ್" ಎಂದು ಬರೆದು ಅಡಿಗೆರೆ ಎಳೆದರು. ಹತ್ತು ಗಂಡಸರು ಹೊಟ್ಟೆ ಮಡಚಿ ಬಗ್ಗಿ ತಮ್ಮತಮ್ಮ ಗಾಡಿಯ ಎಡ ಮಗ್ಗುಲನ್ನು ನೋಡಿದರು. ಸೀಟಕ್ಕ ಆ ಬಗ್ಗಿದ ಬೆನ್ನುಗಳನ್ನು ನೋಡಿದಳು. ಇವರಿಗೆ ನಿಜ ಬೇಡ, ಕ್ಯಾಪ್ಟನ್ ಬೇಕು. ಬೇಕಾದರೆ ಇಟ್ಟುಕೊಳ್ಳಲಿ. ನೋಡುವ ಜಾಗ ಒಂದು ಸರಿಯಾಯಿತಲ್ಲ.

ಆದರೆ ವೈರ್‌ಮನ್ನನ ಹೆಂಡತಿ ಸ್ಪ್ರಿಂಗ್ ನೋಡುತ್ತಿರಲಿಲ್ಲ. ಅವಳು ಹತ್ತುವ ಮೊದಲು ಗಂಡನ ಬೆನ್ನಿಗೆ ಬೆರಳಿನಿಂದ ತಿವಿದು, "ನೀವು ಎತ್ತೋವರ್ಗೂ ನಾನು ಹತ್ತಲ್ಲ" ಎಂದಳು. ಅವನು ಎತ್ತಿದ. ಟಕ್ ಎಂದಿತು. ಹತ್ತುವ ಮುಂಚೆ ಅವಳು ಕಂಬಿಯಿಂದ ಹೊಸ ಪೊರಕೆಯನ್ನು ಬಿಚ್ಚಿ ಪೆಟ್ರೋಲ್ ಹಾಕುವ ಹೆಂಗಸಿನ ಕೈಗೆ ಕೊಟ್ಟಳು. ಅದನ್ನು ನೋಡಿ ಮೇಷ್ಟ್ರ ಹೆಂಡತಿಯೂ ಬಿಚ್ಚಿದಳು. ಮೆಡಿಕಲ್ ಅಂಗಡಿಯವನ ಹೆಂಡತಿ ಗಂಡನ ಮುಖ ಕೂಡ ನೋಡದೆ ಬಿಚ್ಚಿದಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಿಚ್ಚಿ ಕೊಟ್ಟರು.

"ಸಾಕು ಸಾಕು, ಇರೋದು ಒಂದೇ ಬಂಕು" ಎಂದಳು ಪೆಟ್ರೋಲ್ ಹಾಕುವ ಹೆಂಗಸು, ಕಂಕುಳ ತುಂಬ ಪೊರಕೆ ಅವುಚಿಕೊಂಡು.

ಕ್ಯಾಪ್ಟನ್ ಗಾಡಿಯನ್ನು ತಳ್ಳಿಕೊಂಡು ಬಂದು ಹೆಂಡತಿಯ ಮುಂದೆ ನಿಲ್ಲಿಸಿದ. ಪೊರಕೆ ಇನ್ನೂ ಇದ್ದದ್ದು ಅವನೊಬ್ಬನ ಗಾಡಿಗೆ.

"ಹತ್ತು" ಎಂದ. ದನಿಯಲ್ಲಿ ಮೊದಲಿನ ಹುರುಪಿರಲಿಲ್ಲ.

ಸೀಟಕ್ಕ ಕೈಕಟ್ಟಿ ನಿಂತಳು. ಸ್ಟ್ಯಾಂಡು ಇಳಿದೇ ಇತ್ತು. ಹಿಂದೆ ಹತ್ತು ಎಂಜಿನ್ನುಗಳು ಗುರುಗುಟ್ಟುತ್ತಿದ್ದವು.

"ಏನೇ, ಎಲ್ಲರೂ ಕಾಯ್ತಿದಾರೆ."

"ಕಾಯ್ಲಿ. ನನ್ನ ಕಾಲಿಗೆ ಇವತ್ತಿಂದ ರಜ."

ಅವನು ಅತ್ತಿತ್ತ ನೋಡಿದ. ಆಮೇಲೆ ಹಿಮ್ಮಡಿಯಿಂದ ತಡಕಿದ, ಸಿಗಲಿಲ್ಲ. ಒಂದು ವರ್ಷದಲ್ಲಿ ಅದು ಎಲ್ಲಿದೆಯೆಂಬುದೇ ಅವನ ಕಾಲಿಗೆ ಮರೆತಿತ್ತು.