ಅರ್ಥವಿಲ್ಲದ ರೇಡಿಯೋ

ನನಗೆ ಸಿಟ್ಟು ಬೇಗ ಬರುತ್ತದೆ. ನಾನು ಕಲಿಸಿದ ಶಿರಗುಪ್ಪಿ ಶಾಲೆಯ ಮಕ್ಕಳನ್ನು ಕೇಳಿ ನೋಡಿ, ಶೇವಂತೆವ್ವ ಅಕ್ಕೋರು ಅಂದರೆ ಇವತ್ತಿಗೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಆದರೆ ೧೯೬೧ರಲ್ಲಿ ಆ ಸಿಟ್ಟು ನನ್ನ ಮಾನವನ್ನೇ ಕಳೆಯಿತು.

ಧಾರವಾಡದಲ್ಲಿ ಗಂಡನ ಮನೆಯಲ್ಲಿದ್ದ ನನ್ನ ಅಕ್ಕ ದುರಗವ್ವನಿಂದ ಕಾಗದ ಬಂದಿತ್ತು. ಇನ್ನು ಮೂರು ವಾರಕ್ಕೆ, ಶನಿವಾರ ಸಂಜೆ ಆರಕ್ಕೆ, ಆಕಾಶವಾಣಿಯಲ್ಲಿ ಬೀಸುವ ಪದ ಹಾಡುತ್ತೇನೆ, ಅವ್ವನಿಗೆ ಕೇಳಿಸು ಅಂತ. ಆ ಪದಗಳೆಲ್ಲ ಅವ್ವನವೇ. ಬೀಸುಕಲ್ಲಿನ ಮುಂದೆ ಕೂಡಿಸಿಕೊಂಡು ಅವಳೇ ಕಲಿಸಿದ್ದು.

ಊರಿಗೆಲ್ಲ ಇದ್ದದ್ದು ಒಂದೇ ರೇಡಿಯೋ, ಬ್ಯಾಟರಿಯದು, ಮುರುಗೆಪ್ಪಗೌಡರ ಮನೆಯಲ್ಲಿ. ನಮ್ಮ ಕೇರಿಯವರು ಅಂಗಳದಲ್ಲಿ ನಿಂತು ಕೇಳಬಹುದಿತ್ತು. ಹಿಂದಿನ ವರ್ಷ ಅವ್ವ ಹಾಗೆ ನಿಂತಿದ್ದಾಗ ಗೌಡರ ಮನೆಯವರು "ಇನ್ನಷ್ಟು ಹಿಂದಕ್ಕ ಸರೀರಿ" ಅಂದಿದ್ದರು. ಅವಳು ಸರಿಯುತ್ತ ಸರಿಯುತ್ತ ಮನೆಗೇ ಬಂದುಬಿಟ್ಟಿದ್ದಳು.

"ನನ್ನ ಮಗಳ ದನಿ ಮಂದಿ ಅಂಗಳದಾಗ ನಿಂತು ಕೇಳಂಗಿಲ್ಲ ನಾ. ಕೇಳಿದ್ರ ನಮ್ಮ ಮನ್ಯಾಗ, ಇಲ್ಲಾಂದ್ರ ಬ್ಯಾಡ" ಅಂದಳು. ಹಾಗಂದವಳು ಆ ರಾತ್ರಿ ಊಟ ಮಾಡಲಿಲ್ಲ.

ರೇಡಿಯೋ ಕೊಳ್ಳುವ ತಾಕತ್ತು ನಮಗಿಲ್ಲ, ಊರಿಗೆ ಕರೆಂಟೂ ಇಲ್ಲ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ರೇಡಿಯೋ ರಿಪೇರಿ ಮಾಡುವ ಲಾಲಸಾಬ ಕಾಕಾನ ಅಂಗಡಿಗೆ ಹೋದೆ.

"ಕರೆಂಟ್ ಯಾಕ ಬೇಕ್ರೀ ಅಕ್ಕೋರ? ಹರಳಿನ ರೇಡಿಯೋ ಮಾಡ್ರಿ. ಗಾಳ್ಯಾಗ ಬಂದದ್ದರ ಮ್ಯಾಲೇ ಹಾಡತೈತಿ."

"ನಾ ಮಾಡೂದಾ? ನೀವ ಮಾಡಿಕೊಡ್ರಿ ಕಾಕಾ."

"ಮಾಡಿಕೊಟ್ರ ನೀವೇನ ಕಲಿತಂಗಾತು? ಮೊದಲ ಕೈ ಕಲೀಲಿ. ತಲಿ ಆಮ್ಯಾಲೆ ಕಲೀತೈತಿ."

ಎರಡು ಭಾನುವಾರ ಅವನ ಅಂಗಡಿಯಲ್ಲಿ ಕೂತೆ. ಬಿದಿರಿನ ಕೊಳವೆಗೆ ತಾಮ್ರದ ಸಣ್ಣ ತಂತಿಯನ್ನು ನೂರು ಸುತ್ತು ಸುತ್ತಬೇಕು, ಒಂದರ ಮೇಲೊಂದು ಏರಬಾರದು. ಎಪ್ಪತ್ತಮೂರಕ್ಕೆ ಕೈ ಜಾರಿ ಎಲ್ಲ ಬಿಚ್ಚಿಕೊಂಡಿತು. ಬೈದೆ. ಮತ್ತೆ ಸುತ್ತಿದೆ. ಮತ್ತೆ ಜಾರಿತು. ಮೂರನೆಯ ಸಲ ನೂರಾದಾಗ ಎದ್ದು ಕುಣಿಯುವುದೊಂದು ಬಾಕಿ. ಸುರುಳಿಗೆ ಕಾಳಿನಷ್ಟು ಸಣ್ಣ ಹರಳನ್ನೂ ಸ್ಟೇಶನ್ ಹಿಡಿಯಲು ಸರಿಸುವ ತಗಡಿನ ಪಟ್ಟಿಯನ್ನೂ ಮಿಲಿಟರಿಯ ಹಳೇ ಸಾಮಾನಿನ ಒಂಟಿಕಿವಿಯ ಹೆಡ್‌ಫೋನನ್ನೂ ಕಾಕಾ ಕೂಡಿಸಿಕೊಟ್ಟ. ಒಂದು ತಂತಿ ಮಾಳಿಗೆಯ ಮೇಲಿನ ಏರಿಯಲ್‌ಗೆ, ಇನ್ನೊಂದನ್ನು ನಳದ ಪೈಪಿಗೆ ಸುತ್ತಿದ. ಕಿವಿಗೆ ಹಚ್ಚಿಕೊಂಡೆ. ಯಾರೋ ಸುದ್ದಿ ಓದುತ್ತಿದ್ದರು! ನನ್ನ ಕೈಯಿಂದ ಸುತ್ತಿದ ತಂತಿಯೊಳಗೆ!

ಮನೆಗೆ ತಂದು, ಬೇವಿನ ಗಿಡದಿಂದ ಮಾಳಿಗೆಗೆ ಏರಿಯಲ್ ಕಟ್ಟಿದೆ. ಇನ್ನೊಂದು ತಂತಿ ಜೋತಾಡಬಾರದೆಂದು ಅಂಗಿ ತೂಗುಹಾಕುವ ಗೋಡೆಯ ಗೂಟಕ್ಕೆ ಬಿಗಿದೆ. ಕಿವಿಗಿಟ್ಟರೆ ಪಿಟ್ ಅನ್ನಲಿಲ್ಲ. ಮೂರು ದಿನ ಏನೆಲ್ಲ ಮಾಡಿದರೂ ಅದು ಬಾಯಿ ಬಿಡಲಿಲ್ಲ. ಗುರುವಾರ ಎಲ್ಲವನ್ನೂ ವಿವರವಾಗಿ ಬರೆದು ಬಸ್ಸಿನ ಕಂಡಕ್ಟರ್ ಹನುಮಪ್ಪನ ಕೈಯಲ್ಲಿ ಕಾಕಾನಿಗೆ ಚೀಟಿ ಕಳಿಸಿದೆ. ಶುಕ್ರವಾರ ಉತ್ತರ ಬಂತು, ಒಂದೇ ಸಾಲು:

"ಅಕ್ಕೋರ, ನೀವು ಮಾಡಿದ್ದಕ್ಕ ಅರ್ಥ ಇಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಎರಡು ಭಾನುವಾರ ಬೆರಳು ಕೊಯ್ದುಕೊಂಡಿದ್ದೇನೆ, ಅದಕ್ಕೆ ಅರ್ಥ ಇಲ್ಲವಂತೆ! ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟದ್ದೇ ಬಸ್ಸು ಹಿಡಿದೆ. ಗಿರಾಕಿಗಳ ಮುಂದೆಯೇ ಚೀಟಿ ಬೀಸಿದೆ.

"ಯಾಕ್ರೀ ಕಾಕಾ, ಹೆಣ್ಮಕ್ಕಳು ಮಾಡಿದ್ದಕ್ಕ ಅರ್ಥ ಇರೂದಿಲ್ಲೇನು?"

ಅವನು ಚೀಟಿ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಗುತ್ತಲೇ ಕಾಲಿನಿಂದ ನೆಲ ಬಡಿದ.

"ಅರ್ಥ್ ರೀ, ಅರ್ಥ್! ಇಂಗ್ಲಿಷಿನ್ಯಾಗ ಭೂಮಿ! ಆ ಎರಡನೇ ತಂತಿ ನೆಲಕ್ಕ ಹೋಗಬೇಕು. ಇಲ್ಲಿ ನಳದ ಪೈಪ್ ನೆಲದಾಗ ಇಳದೈತಿ. ನಿಮ್ಮ ಗೂಟ ಎಲ್ಲಿ ಇಳದೈತಿ?"

"ಹಂಗಾರ ಥ ಅಕ್ಷರ ಅರ್ಧಾ ಮಾಡಿ ಬರೀಬೇಕಿತ್ತು!" ಅಂದೆ. ಗಿರಾಕಿಗಳೂ ನಕ್ಕರು, ನಾನೂ ನಕ್ಕೆ.

"ತಾಮ್ರದ ಏನರ ಹಸೀ ನೆಲದಾಗ ಹುಗೀರಿ. ಲಗೂ ಹೋಗ್ರಿ!"

ಊರು ಮುಟ್ಟಿದಾಗ ಐದೂಮುಕ್ಕಾಲು. ಮನೆಯಲ್ಲಿ ತಾಮ್ರದ್ದೆಂದು ಇದ್ದದ್ದು ಅವ್ವನ ತವರಿನ ತಂಬಿಗೆ ಒಂದೇ. ವಿಷಯ ಹೇಳಿ, ಅದನ್ನೇ ನೋಡುತ್ತ ನಿಂತೆ. ಅವ್ವ ತಾನೇ ತಂದು ಕೊಟ್ಟಳು. "ಹುಗಿ ಶೇವಂತಿ. ಏನ್ ನೋಡತಿ?" ಬಚ್ಚಲ ನೀರು ಹರಿಯುವ ಕಡೆ ಇಬ್ಬರೂ ಕೂಡಿ ಅಗೆದು, ತಂಬಿಗೆಯ ಕೊರಳಿಗೆ ತಂತಿ ಬಿಗಿದು ಹುಗಿದೆವು. ಹೆಡ್‌ಫೋನನ್ನು ಅವ್ವನ ಕಿವಿಗೆ ಸೆರಗಿನಿಂದ ಕಟ್ಟಿದೆ.

ಅವ್ವನ ಮುಖದಲ್ಲಿ ಏನೂ ಇಲ್ಲ. ಸುರುಳಿಯ ಮೇಲಿನ ತಗಡನ್ನು ಒಂದೊಂದೇ ಸುತ್ತು ಸರಿಸಿದೆ. ಥಟ್ಟನೆ ಅವ್ವ ನನ್ನ ಕೈ ಹಿಡಿದಳು.

"ತಡಿ! ದುರಗಿ... ಯವ್ವಾ, ನಮ್ಮ ದುರಗಿ!"

ಆಮೇಲೆ ಅವಳು ಹಾಡತೊಡಗಿದಳು. ಬೀಸುವ ಪದವನ್ನು ಒಬ್ಬಳು ಎತ್ತಿದರೆ ಇನ್ನೊಬ್ಬಳು ಹಿಡಿಯಬೇಕಲ್ಲ. ಧಾರವಾಡದಲ್ಲಿ ಅಕ್ಕ ಎತ್ತಿದ್ದನ್ನು ಇಲ್ಲಿ ಅವ್ವ ಹಿಡಿದಳು. ನಡುವೆ "ಏ ಹುಚ್ಚಿ, ಅವಸರ ಮಾಡಬ್ಯಾಡ" ಅಂತ ಅಕ್ಕನನ್ನು ಗದರಿದಳು. ನೆರೆಯ ಬೀರವ್ವ ಬಂದಳು, ಕೇರಿಯ ಹೆಂಗಸರೆಲ್ಲ ಬಂದು ಒಳಗೆ ಅವ್ವನ ಮೊಣಕಾಲಿಗೆ ಹತ್ತಿಕೊಂಡು ಕೂತರು. ನಮಗ್ಯಾರಿಗೂ ದುರಗಿಯ ದನಿ ಕೇಳಿಸಲಿಲ್ಲ. ಅವ್ವನ ದನಿಯಲ್ಲೇ ಎಲ್ಲ ಕೇಳಿದೆವು.

ಹಾಡು ಮುಗಿದ ಮೇಲೆ ಅವ್ವನಿಗೆ ನನ್ನ ನೆನಪಾಯಿತು. ಫೋನು ಬಿಚ್ಚಿ ನನ್ನ ಕಿವಿಗೆ ಒತ್ತಿದಳು. ಯಾರೋ ಹುಬ್ಬಳ್ಳಿ ಪೇಟೆಯ ಹತ್ತಿಯ ಧಾರಣೆ ಓದುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

"ಏನಂತಾರ?" ಕೇಳಿದಳು ಅವ್ವ.

"ಹತ್ತಿ ಧಾರಣಿ ಹೇಳಾಕತ್ತಾರ."

"ಛಲೋ ಕೇಳಸತೈತೇನ?"

"ಛಲೋ ಕೇಳಸತೈತಿ ಯವ್ವಾ."