ಬೇಡದ ಕೈಯ ಅಕ್ಕಿ

ನಾಗೇಂದ್ರ ಬಾಗಿಲಿಗೆ ಅಡ್ಡವಾಗಿ ತೋಳು ಚಾಚಿ ನಿಂತ. ಒಳಗೆ ಅವನ ಅಣ್ಣ ಡಾಕ್ಟರ್ ಸತ್ಯನಾರಾಯಣನ ಶವಪೆಟ್ಟಿಗೆ ತೆರೆದಿತ್ತು. ಹೊರಗೆ ಆಸ್ಟ್ರೇಲಿಯದ ಅಡಿಲೇಡಿನಲ್ಲಿ, ಎಂಬತ್ತಮೂರರ ಜೂನ್ ಚಳಿಯಲ್ಲಿ ವೇಣುಗೋಪಾಲ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟು ನಿಂತಿದ್ದ. ಬ್ರಿಸ್ಬೇನ್‌ನಿಂದ ಹಿಂದಿನ ದಿನವೇ ಬಂದು ಹೋಟೆಲಿನಲ್ಲಿ ಉಳಿದಿದ್ದ. ಮನೆಗೆ ಬರಲು ಯಾರೂ ಕರೆದಿರಲಿಲ್ಲ.

"ಕೂತ್ಕೊಳ್ಳಿ, ಬೇಡ ಅನ್ನಲ್ಲ," ಎಂದ ನಾಗೇಂದ್ರ. "ಆದ್ರೆ ಪೆಟ್ಟಿಗೆ ಹತ್ರ ಬರೋ ಹಾಗಿಲ್ಲ. ಅಣ್ಣ ಹೇಳಿ ಹೋಗಿದಾನೆ."

ಹೇಳಿದ್ದು ನಿಜ. ಮಾಡ್ಬರಿಯ ಆಸ್ಪತ್ರೆಯಲ್ಲಿ ಉಸಿರು ಕಟ್ಟುತ್ತಿದ್ದಾಗಲೂ ಸತ್ಯನಾರಾಯಣ ಪರ್ತಿನಿಂದ ಬಂದ ತಮ್ಮನ ಕೈ ಹಿಡಿದು ಅದನ್ನೇ ಹೇಳಿದ್ದ. ಯಾರು ಬೇಕಾದರೂ ತನ್ನ ಬಾಯಿಗೆ ಅಕ್ಕಿ ಹಾಕಲಿ, ವೇಣು ಹಾಕಕೂಡದು. ಹೆಂಡತಿ ಸುಲೋಚನಾ ಮಂಚದ ಇನ್ನೊಂದು ಬದಿಗಿದ್ದಳು. ಅವಳಿಗೆ ಅವನು ಏನೂ ಹೇಳಲಿಲ್ಲ.

ಈಗ ಅವಳು ತೊಡೆಯ ಮೇಲೆ ಅಕ್ಕಿಯ ತಟ್ಟೆ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಸಂಸ್ಕಾರ ನಡೆಸುವ ಕಂಪನಿಯ ಆ ಹಾಲ್‌ನಲ್ಲಿ ಬೆರಳೆಣಿಕೆಯ ಕನ್ನಡದ ಮನೆಯವರಿದ್ದರು. ಮಕ್ಕಳ ಡಾಕ್ಟರು ಸಿದ್ದಲಿಂಗಯ್ಯ ಕಾರಿನ ರೇಡಿಯೋ ಕೇಳಿ ಬಂದು ಹಿಂದಿನ ಸಾಲಿನವರ ಕಿವಿಯಲ್ಲಿ ಹೇಳಿದರು: "ಇಂಗ್ಲೆಂಡ್ ಎಲೆಕ್ಷನ್‌ನಲ್ಲಿ ಲೇಬರ್ ಪಾರ್ಟಿಯೋರು ಮಣ್ಣು ಮುಕ್ಕಿದ್ರು ಕಣ್ರೀ. ಸತ್ಯ ಮೊನ್ನೇನೇ ಹೋಗಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಇವತ್ತು ಹೋಗ್ತಿದ್ದ."

ಯಾರೋ ಕೆಮ್ಮಿನಲ್ಲಿ ನಗು ಮುಚ್ಚಿದರು. ಸತ್ಯನಾರಾಯಣ ಈ ಚುನಾವಣೆಗೆ ಕಾದದ್ದು ಎಲ್ಲರಿಗೂ ಗೊತ್ತಿತ್ತು. ಲೇಬರ್ ಗೆದ್ದರೆ ಬ್ರಿಟನ್ ಯುರೋಪಿನ ದೇಶಗಳ ಕೂಟದಿಂದ ಹೊರಬರುತ್ತದೆ, ಒಂದು ದೇಶ ಎದ್ದುಹೋದರೆ ಉಳಿದವರ ಊಟವೂ ಕೆಡುತ್ತದೆ ಎಂದು ಬಾರ್ಬೆಕ್ಯೂ ಊಟಕ್ಕೆ ಕರೆದವರ ಮನೆಯಲ್ಲೆಲ್ಲ ಭಾಷಣ ಮಾಡಿದ್ದ. ಅವನಿಗೆ ಬೇಕಾಗಿದ್ದದ್ದು ಆ ಊಟ ಕೆಡುವುದೇ.

ಸುಲೋಚನಾ ಸಿದ್ದಲಿಂಗಯ್ಯನವರ ಮಾತು ಕೇಳಿಸಿಕೊಂಡಳು.

*

ಎಪ್ಪತ್ತೈದರಲ್ಲಿ ಮೂವರೂ ಬರ್ಮಿಂಗ್‌ಹ್ಯಾಮಿನಲ್ಲಿದ್ದರು. ಮೈಸೂರಿನಲ್ಲಿ ಒಟ್ಟಿಗೆ ಓದಿದ ಸತ್ಯನಾರಾಯಣ, ವೇಣು ಒಂದೇ ಆಸ್ಪತ್ರೆಯಲ್ಲಿದ್ದರು. ಅರಿವಳಿಕೆ ಕಲಿಯುತ್ತಿದ್ದ ಸುಲೋಚನಾಳದು ಪಕ್ಕದ ಆಸ್ಪತ್ರೆ. ಯುರೋಪಿನ ಕೂಟದಲ್ಲಿ ಉಳಿಯಬೇಕೋ ಬೇಡವೋ ಎಂದು ಬ್ರಿಟನ್ ಜನರನ್ನು ಕೇಳಿತು. ಕಾಮನ್‌ವೆಲ್ತಿನವರಾದ್ದರಿಂದ ಇವರಿಗೂ ಓಟಿತ್ತು.

ಓಟಿನ ದಿನ ಬೆಳಗಿನ ಇಡ್ಲಿಗೆ ವೇಣು ಸತ್ಯನಾರಾಯಣನ ಮನೆಗೆ ಬಂದಿದ್ದ. ಬಾಗಿಲು ತೆರೆದರೆ ಯುರೋಪಿನ ಡಾಕ್ಟರುಗಳು ಪರೀಕ್ಷೆಯಿಲ್ಲದೆ ಒಳಗೆ ಬರುತ್ತಾರೆ, ನಮ್ಮವರಿಗೆ ಮಾತ್ರ ಪರೀಕ್ಷೆ, ಇಬ್ಬರೂ 'ಬೇಡ'ಕ್ಕೆ ಹಾಕಿ ಎಂದು ಸತ್ಯನಾರಾಯಣ ಅಪ್ಪಣೆ ಮಾಡಿದ.

ವೇಣು ಒಪ್ಪಲಿಲ್ಲ. "ಎರಡು ಸಲ ಹೊಡೆದಾಡಿ ಸತ್ತ ಜನ ಈಗ ಒಂದೇ ಪಂಕ್ತೀಲಿ ಊಟಕ್ಕೆ ಕೂತಿದಾರೆ. ಎದ್ದೇಳಿ ಅಂತ ನಾನ್ಯಾಕೆ ಹೇಳ್ಲಿ?"

ಸುಲೋಚನಾ ಚಟ್ನಿ ಬಡಿಸುತ್ತಿದ್ದಳು. ಮುಂದಿನ ತಿಂಗಳು ಅವಳ ಕೊನೆಯ ಪರೀಕ್ಷೆಯಿತ್ತು. ಸತ್ಯನಾರಾಯಣ ಸೌಟಿನ ಕಡೆ ನೋಡುತ್ತಲೇ ಅದನ್ನೂ ತೀರ್ಮಾನಿಸಿದ. "ಇವಳ ಪರೀಕ್ಷೆ ಆಮೇಲೆ. ನನ್ನ ಪೋಸ್ಟ್ ಮೊದಲು ಆಗ್ಲಿ."

ಪೋಸ್ಟ್ ಆಗಲಿಲ್ಲ. ಎರಡು ವರ್ಷದ ನಂತರ ಅದಕ್ಕೆ ಬೆಲ್ಜಿಯಮ್ಮಿನವನೊಬ್ಬ ಬಂದ. ನನ್ನ ಕೆಲಸ ತಿಂದದ್ದು ವೇಣುವಿನ ಓಟು ಎಂದು ಸತ್ಯನಾರಾಯಣ ಮಾತು ಬಿಟ್ಟ. ಪರ್ತಿಗೆ ಬಂದ, ಅಲ್ಲಿ ಜಗಳವಾಡಿ ಅಡಿಲೇಡಿಗೆ ಬಂದು ಕ್ಲಿನಿಕ್ ಇಟ್ಟ. ಸುಲೋಚನಾ ಕ್ಲಿನಿಕ್ಕಿನ ಫೋನ್ ಎತ್ತುವವಳಾದಳು. ಆ ಪರೀಕ್ಷೆಯ ಮಾತು ಮತ್ತೆ ಬರಲಿಲ್ಲ.

*

ಸುಲೋಚನಾ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಅತ್ತಿಗೆ ತನ್ನ ಬೆಂಬಲಕ್ಕೆ ಬಂದಳೆಂದುಕೊಂಡು ನಾಗೇಂದ್ರ ತೋಳನ್ನು ಇನ್ನಷ್ಟು ಬಿಗಿ ಮಾಡಿದ.

"ಕೈ ತೆಗಿ."

"ಅತ್ತಿಗೆ, ಅಣ್ಣನ ಕೊನೇ ಮಾತು..."

"ಯುರೋಪಿಗೆ ಓಟು ಹಾಕಿದ ಕೈ ಅಂತ ತಾನೇ? ನಾನೂ ಅದಕ್ಕೇ ಹಾಕಿದ್ದೆ. ನನ್ನನ್ನೂ ತಡೀತೀಯಾ?"

ನಾಗೇಂದ್ರನ ತೋಳು ತಾನಾಗಿ ಇಳಿಯಿತು.

ವೇಣುಗೋಪಾಲ ಅವಳನ್ನೇ ನೋಡಿದ. "ಇಷ್ಟು ವರ್ಷ ನನ್ನೊಬ್ಬನನ್ನೇ ಬೈಸಿದ್ರಲ್ಲ."

"ಬೇಡಕ್ಕೆ ಹಾಕು ಅಂದ್ರು, ಅದಕ್ಕೇ ಬೇಕಕ್ಕೆ ಹಾಕ್ದೆ. ನಿಮ್ಮನ್ನ ಬೈತಾ ಇದ್ರೆ ನನ್ನ ಮೇಲೆ ಅನುಮಾನ ಬರ್ತಿರ್ಲಿಲ್ಲ," ಎಂದಳು. ಕ್ಷಮೆ ಕೇಳಲಿಲ್ಲ. "ಬನ್ನಿ, ಮೊದಲು ನೀವೇ ಹಾಕಿ."

ಪೆಟ್ಟಿಗೆಯ ಪಕ್ಕ ನಿಂತು ಗಂಡನ ಕಿವಿಗೆ ಬಗ್ಗಿದಳು. ಗುಟ್ಟಿನ ದನಿಯಲ್ಲ, ಎಲ್ಲರಿಗೂ ಕೇಳಿಸುವಂತೆ ಹೇಳಿದಳು: "ನಿಮ್ಮೋರು ಸೋತ್ರು. ಬ್ರಿಟನ್ ಯುರೋಪಲ್ಲೇ ಇರತ್ತೆ."

ವೇಣು ಚಿಟಿಕೆ ಅಕ್ಕಿ ತೆಗೆದುಕೊಂಡ. ಕಂಪನಿಯವರು ಇಲ್ಲಿನ ಪದ್ಧತಿಯಂತೆ ಸತ್ತವನ ತುಟಿಗಳನ್ನು ಒಳಗಿನಿಂದ ಹೊಲಿದಿದ್ದರು. ಅದು ಯಾರಿಗೂ ಹೊಳೆದಿರಲಿಲ್ಲ. ಒಂದು ಕಾಳೂ ಒಳಗೆ ಹೋಗಲಿಲ್ಲ, ಗಲ್ಲದಿಂದ ಜಾರಿ ಕಾಲರಿನೊಳಗೆ ಬಿತ್ತು. ವೇಣು ಹಿಂದೆ ಸರಿದ.

ಸುಲೋಚನಾ ಅವನ ಮುಂಗೈ ಹಿಡಿದು ನಿಲ್ಲಿಸಿದಳು. ತಟ್ಟೆಯಿಂದ ಹಿಡಿ ತುಂಬ ತೆಗೆದು ಅವನ ಅಂಗೈಗೆ ಸುರಿದಳು.

"ಇನ್ನೂ ಹಾಕಿ."

ಅವನು ಹಾಕಿದ. ಅವಳು ಮತ್ತೆ ಸುರಿದಳು. ಕಾಳುಗಳು ಮೀಸೆಯಲ್ಲಿ ಸಿಕ್ಕಿಕೊಂಡವು, ಮುಚ್ಚಿದ ತುಟಿಗಳ ಮೇಲೆ ನಿಂತವು. ಮುಚ್ಚಳ ಹಿಡಿದ ಇಬ್ಬರು ಬಿಳಿಯರು ಕಾಯುತ್ತಲೇ ಇದ್ದರು. ಟೈ ಕಾಣದಷ್ಟು ಅಕ್ಕಿ ಸತ್ಯನಾರಾಯಣನ ಕತ್ತಿನ ಸುತ್ತ ಗುಡ್ಡೆಯಾಗಿತ್ತು.