ಐಸಿನ ಜಾಗಕ್ಕೆ ಕಾಫಿ

ಒಲೆಯ ಪಕ್ಕದ ಗೂಡಿನಲ್ಲಿ ಮೂರು ಸೀಸೆ, ಹೆಬ್ಬೆರಳಿನಷ್ಟು ಉದ್ದ, ಒಳಗೆ ಗುಲಾಬಿ ಬಣ್ಣದ ನೀರು, ನೀರಿನಲ್ಲಿ ಕಡ್ಡಿಗೆ ಸುತ್ತಿದ ಹತ್ತಿ — ಸುನಂದಮ್ಮ ಒಂದನ್ನು ಮುಟ್ಟಿ ನೋಡಿದಳು, ಬೆಚ್ಚಗಿತ್ತು, ಮಲಗಿದ ಮಗುವಿನ ಅಂಗಾಲಿನ ಹಾಗೆ, ಬೆಚ್ಚಗಿರಬಾರದಿತ್ತು, ಅದು ಈಗ ಗೊತ್ತು, ಜೀಪು ಹೊರಟ ಮೇಲೆ ಗೊತ್ತು, ಡಾಕ್ಟರ್ ಮುದ್ದಯ್ಯನವರು ತಲೆ ಹೊರಗೆ ಹಾಕಿ ಡ್ರೈವರನಿಗೆ ಹೇಳಿದ್ದು ಅಂಗಳದವರೆಗೂ ಕೇಳಿತು, ಫ್ಲಾಸ್ಕು ಜೋಪಾನ ಕಣಯ್ಯ, ಐಸು ಕರಗಿದರೆ ಸೀಸೆಯಲ್ಲಿರೋ ವೈರಸ್ ಸತ್ತುಹೋಗುತ್ತೆ, ಆಮೇಲೆ ಬೆಂಗಳೂರಿನ ಲ್ಯಾಬಿನವರು ನೋಡೋದು ಏನನ್ನ — ಅಷ್ಟು ಹೊತ್ತಿಗೆ ಐಸು ಬಚ್ಚಲ ತೂಬಿನಲ್ಲಿ ಹರಿದು ಬಾಳೆಬುಡ ಸೇರಿತ್ತು, ಫ್ಲಾಸ್ಕಿನ ತುಂಬ ಕಾಫಿ, ಗಟ್ಟಿ ಹಾಲಿನ ಕಾಫಿ, ಸಕ್ಕರೆ ಒಂದು ಚಮಚ ಜಾಸ್ತಿಯೇ. ಡಾಕ್ಟರು ಕೊಡಗಿನವರಲ್ಲವೇ, ಕಾಫಿಯಿಲ್ಲದೆ ಅವರಿಗೆ ದಾರಿ ಸಾಗುವುದಿಲ್ಲ, ಎಷ್ಟು ದೂರದಿಂದ ಬಂದಿದ್ದಾರೆ, ಅದೂ ದನಗಳಿಗಾಗಿ, ಜಗಲಿಯ ಮೇಲೆ ಫ್ಲಾಸ್ಕು ಕಂಡಿತು, ಫ್ಲಾಸ್ಕು ಇರುವುದು ಕಾಫಿಗಲ್ಲದೆ ಇನ್ನೇತಕ್ಕೆ, ಅವರು ಕೇಳಲು ಸಂಕೋಚಪಡುತ್ತಾರೆ, ಕೇಳುವ ಮೊದಲೇ ತುಂಬಿಸಿಕೊಡಬೇಕು, ಮುಚ್ಚಳ ತೆಗೆದರೆ ಐಸಿನ ಚೂರು, ನಡುವೆ ಈ ಸೀಸೆಗಳು, ಯಾವುದೋ ಔಷಧಿ, ಗಂಡಸರ ಕೆಲಸವೇ ಹೀಗೆ, ಎಲ್ಲೆಂದರಲ್ಲಿ ಹಾಕುತ್ತಾರೆ ಎಂದುಕೊಂಡು ಗೂಡಿನಲ್ಲಿಟ್ಟಳು, ಹೊರಡುವಾಗ ಬಟ್ಟೆಯಲ್ಲಿ ಸುತ್ತಿ ಕೊಟ್ಟರಾಯಿತು ಎಂದುಕೊಂಡಳು, ಘಾಟು ಹೋಗಲೆಂದು ಫ್ಲಾಸ್ಕನ್ನು ಬಿಸಿನೀರಲ್ಲಿ ಎರಡೆರಡು ಸಲ ತೊಳೆದಳು, ಅಷ್ಟರಲ್ಲಿ ಹಾಲು ಉಕ್ಕಿತು, ಆ ಗಡಿಬಿಡಿಯಲ್ಲಿ ಸೀಸೆ ಮರೆತೇಹೋಯಿತು, ಡಾಕ್ಟರು ಬೆಳಿಗ್ಗೆ ಊರಿನ ಮೂರು ಹಸುಗಳ ಮೂಗಿನೊಳಗೆ ಕಡ್ಡಿ ಆಡಿಸಿ, ಒದೆಸಿಕೊಂಡು, ಮೊಣಕೈವರೆಗೆ ಸಗಣಿ ಮಾಡಿಕೊಂಡು ತೆಗೆದದ್ದು ಇದೇ.

ಬೇರೆ ಹಸುಗಳಿಂದ ತೆಗೆಯಬಹುದಲ್ಲ, ಇಲ್ಲ, ಆಗುವುದಿಲ್ಲ, ಅದನ್ನೂ ಡಾಕ್ಟರು ಜಗಲಿಯ ಮೇಲೆ ಹೇಳಿದ್ದರು, ಜ್ವರ ಇರುವಾಗಲೇ ವೈರಸ್ ಮೂಗಿನ ನೀರಲ್ಲಿ ಸಿಗೋದು, ಆಮೇಲೆ ನರದೊಳಗೆ ಹೋಗಿ ಅಡಗಿಕೊಳ್ಳುತ್ತೆ, ದನ ದಣಿದಾಗ ಮತ್ತೆ ಏಳುತ್ತೆ, ಈ ಮೂರಕ್ಕೂ ಜ್ವರ ಇಳೀತಾ ಇದೆ, ಇವತ್ತು ಬಂದದ್ದು ಪುಣ್ಯ. ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದಳು. ಹರ್ಪಿಸ್ ಅಂತ ಒಂದು ವಂಶ, ಜ್ವರ ಬಂದಾಗ ನಮ್ಮ ತುಟಿಯ ಅಂಚಿಗೆ ಗುಳ್ಳೆ ಏಳುತ್ತಲ್ಲ, ಅದರ ದಾಯಾದಿ ಇದು, ದನಗಳದ್ದು, ನಮ್ಮ ದೇಶದಲ್ಲಿ ಈಗೀಗ ಗೊತ್ತಾಗುತ್ತಿದೆ, ಅದೇ ಅಂತ ನನಗೆ ಗುಮಾನಿ, ಗುಮಾನಿ ಸಾಲದು, ಬೆಂಗಳೂರಿನಲ್ಲಿ ಬೆಳೆಸಿ ನೋಡಬೇಕು, ಯಾವ ಗುಂಪು, ಯಾವ ಕವಲು ಎಂದು ವಿಂಗಡಿಸಬೇಕು. ಊರಿನ ಹಿರಿಯ ಸಣ್ಣಬೀರಯ್ಯ ನಕ್ಕುಬಿಟ್ಟರು, ಅಂದ್ರೆ ಹೆಣ್ಣು ಕೇಳೋಕ್ ಬಂದೋರಂಗೆ ಈ ಉಳದ್ದೂ ಕುಲ ಬೆಡಗು ಕೇಳ್ಬೇಕು ಅನ್ನಿ. ಹೌದು ಯಜಮಾನ್ರೇ, ಬೆಡಗು ತಿಳಿದರೆ ಎಲ್ಲಿಂದ ಬಂತು ಅಂತ ತಿಳಿಯುತ್ತೆ. ಆಗ ನಗು ನಿಂತಿತು. ಎಲ್ಲಿಂದ ಬಂತು ಎಂಬುದೇ ಊರಿನ ಮಾತು, ಸಾಲಾಗಿ ಹಸುಗಳು ದಿನ ತುಂಬುವ ಮೊದಲೇ ಕಂದು ಹಾಕಿವೆ, ಅವನ್ನೆಲ್ಲ ಕಾಡಂಚಿಗೆ ಮೇಯಲು ಹೊಡೆದುಕೊಂಡು ಹೋಗುವವರು ಚಿಕ್ಕಬೊಮ್ಮ, ಅವನ ಹೆಂಡತಿ ಚಿಕ್ಕಮಾದಿ, ಕಾಡಿನ ಹಾಡಿಯವರು, ಅವಳೇ ಏನೋ ಸೊಪ್ಪು ತಿನ್ನಿಸಿದಾಳೆ ಕಣಪ್ಪ, ಅವಳ ಕೂಸು ಉಳೀಲಿಲ್ವಲ್ಲ, ಹೊಟ್ಟೆಕಿಚ್ಚು, ಗುಡಿಸಲು ಕಿತ್ತಾಕಿ ಓಡ್ಸಿ. ಬೆಂಗಳೂರಿಂದ ಉತ್ತರ ಬರುವವರೆಗೆ ತಡೆಯಿರಿ ಎಂದು ಡಾಕ್ಟರು ಕೈ ಮುಗಿದ ಮೇಲೆ ಸಣ್ಣಬೀರಯ್ಯ ಒಪ್ಪಿದ್ದು, ಆಯ್ತು ಬುಡಿ, ತಡಿತೀವಿ, ಏನೂ ಇಲ್ಲ ಅಂತ ಬಂದ್ರೆ ಮಾತ್ರ ನೀವು ಅಡ್ಡ ಬರಬ್ಯಾಡಿ. ಏನೂ ಇಲ್ಲ ಅಂತಲೇ ಬರುತ್ತದೆ ಈಗ. ಕಾಫಿ ತುಂಬಿದ ಫ್ಲಾಸ್ಕು ಖಾಲಿ ಫ್ಲಾಸ್ಕಿಗಿಂತ ಕಡೆ.

ಕಂದು ಹಾಕುವುದು, ಅದು ದನಕ್ಕೆ ಆಡುವ ಮಾತು. ಅತ್ತೆ ಅದನ್ನು ಸುನಂದಮ್ಮನಿಗೆ ಆಡಿದ್ದರು, ಪಕ್ಕದ ಮನೆಯವರ ಎದುರಿಗೆ, ರಾಗಿ ಕೇರುತ್ತ, ನಮ್ ಸೊಸೇನೂ ಕಂದಾಕುದ್ಲು ಕಣವ್ವ, ಅದೇನು ತಿಂದ್ಲೋ, ಎಲ್ಲಿ ಮೆಟ್ಟುದ್ಲೋ — ಏನೂ ತಿಂದಿರಲಿಲ್ಲ, ಎಲ್ಲೂ ಮೆಟ್ಟಿರಲಿಲ್ಲ, ಯಾರಿಗೆ ಹೇಳುವುದು, ಹೇಳಿದರೆ ನಂಬುವವರು ಯಾರು, ಆಗ ಅವಳ ಕಡೆಯಿಂದ ಬೆಂಗಳೂರಿಗೆ ಹೋಗುವ ಸೀಸೆ ಯಾವುದೂ ಇರಲಿಲ್ಲ. ಚಿಕ್ಕಮಾದಿಯೂ ಅದನ್ನೇ ಅಂದಳು ಮೊನ್ನೆ ಹಿತ್ತಲಲ್ಲಿ, ನಾ ಏನೂ ಮಾಡ್ಲಿಲ್ಲ ಅವ್ವಾ, ಅತ್ಬುಟ್ಟೆ ಅಷ್ಟೆ. ಹೌದು, ಅತ್ತದ್ದೇ ತಪ್ಪಾಯಿತು, ಊರಿನ ಕಂದಿಹಸು ಹುಣಸೆಮರದ ಹತ್ತಿರ ಸತ್ತ ಕರು ಹಾಕಿದಾಗ ಚಿಕ್ಕಮಾದಿ ಅದನ್ನು ನಾಯಿಗೆ ಬಿಡದೆ ಸೆರಗಿನಲ್ಲಿ ಎತ್ತಿಕೊಂಡು ಹೂಳಲು ಹೊರಟಿದ್ದಳು, ಅಳುತ್ತ, ಊರವರು ಕಂಡರು, ಇನ್ನೊಬ್ಬರ ಕರುವಿಗೆ ಇವಳೇಕೆ ಅಳಬೇಕು, ಸುನಂದಮ್ಮನೂ ಕಂಡಳು, ಸೆರಗಿನ ಆಚೆ ಜೋತ ಕಾಲುಗಳು, ಬಿಳಿ ಗೊರಸು, ಬೆಣ್ಣೆಯಷ್ಟು ಮೆತ್ತಗೆ, ನೆಲ ತಾಗದ ಗೊರಸು.

ಅಂತರಸಂತೆಯಲ್ಲಿ ದನಗಳಿಗೆ ಲಸಿಕೆ ಹಾಕಿ ಮಧ್ಯಾಹ್ನ ಇದೇ ದಾರಿಯಲ್ಲಿ ಕೋಟೆಯ ದನದ ಆಸ್ಪತ್ರೆಗೆ ವಾಪಸ್ಸು ಎಂದಿದ್ದರು ಡಾಕ್ಟರು. ಮಧ್ಯಾಹ್ನವಾಯಿತು. ದಾರಿಗೆ ಹೋಗಿ ನಿಂತು ಕಾಫಿಯ ಸಂಗತಿ ಹೇಳಬಹುದು, ಹೇಳಿ ಏನು ಫಲ, ಬೇರೆ ಜ್ವರದ ದನ ಊರಲ್ಲಿ ಎಲ್ಲಿದೆ — ಇದೆ, ಅದು ಅವಳಿಗೂ ಗಂಡನಿಗೂ ಮಾತ್ರ ಗೊತ್ತು, ಹಿತ್ತಲ ಕೊಟ್ಟಿಗೆಯಲ್ಲಿದೆ, ಬಾಗಿಲಿಗೆ ಗೋಣಿ ಕಟ್ಟಿ ಮರೆಮಾಡಿದೆ. ಡಾಕ್ಟರು ಕೇಳಿದ್ದರು, ನಿಮ್ಮ ಸೀಮೆಹೋರಿ ಎಲ್ಲಿ, ಊರ ಹಸುಗಳನ್ನೆಲ್ಲ ಬೆದೆಗೆ ಬಂದಾಗ ಅದಕ್ಕೇ ಕೊಡಿಸುತ್ತಾರಂತೆ. ಗಂಡ ಚಿಕ್ಕಬಸಪ್ಪ ರೆಪ್ಪೆ ಮಿಟುಕಿಸದೆ ಅಂದ, ಓರಿ ಊರಲ್ಲಿಲ್ಲ ಡಾಕ್ಟ್ರೇ, ಬೀಚನಹಳ್ಳಿ ನೆಂಟ್ರ ಮನೆಗೆ ಕಳ್ಸಿವ್ನಿ. ಕೃಷ್ಣರಾಜನಗರದ ಕಡೆಯಿಂದ ತಂದ ಹೋರಿ, ಅದು ಬಂದ ಮೇಲೆಯೇ ಅಲ್ಲವೇ ಎಲ್ಲ, ನಿನ್ನೆಯಿಂದ ಅದಕ್ಕೆ ಜ್ವರ, ಮೂಗು ಕೆಂಡದ ಬಣ್ಣ, ಕೆಳಗೆಲ್ಲ ಗುಳ್ಳೆ, ರಾತ್ರಿ ಗಂಡ ಅದರ ಕೊರಳು ನೀವುತ್ತ ಬೆಲ್ಲ ತಿನ್ನಿಸುತ್ತ ಕುಳಿತಿದ್ದ, ಕೆಟ್ಟವನಲ್ಲ ಆತ, ಹೆದರಿದ್ದಾನೆ, ನಮ್ಮಿಂದ ಅಂತ ಊರಿಗೆ ಗೊತ್ತಾದರೆ ಮುಖ ಎಲ್ಲಿ ಇಟ್ಟುಕೊಳ್ಳುವುದು ಕಣೇ ಅಂದಿದ್ದ. ಅವಳು ಸುಮ್ಮನಿದ್ದಳು. ಇವತ್ತೂ ಸುಮ್ಮನಿದ್ದರಾಯಿತು, ಯಾರೂ ಕೇಳುವುದಿಲ್ಲ, ಕಾಫಿ ಕೊಟ್ಟವಳನ್ನು ಯಾರು ಬಯ್ಯುತ್ತಾರೆ, ತಪ್ಪು ಎಷ್ಟು ಒಳ್ಳೆಯದು, ಎಷ್ಟು ಅನುಕೂಲವಾದ ತಪ್ಪು, ಬೇಕೆಂದೇ ಮಾಡಿದಳು ಅಂದರೂ ಇಲ್ಲವೆನ್ನಲು ಸಾಕ್ಷಿಯಿಲ್ಲ — ಅವಳು ಸೀಸೆಗಳನ್ನು ಸೆರಗಿಗೆ ಕಟ್ಟಿಕೊಂಡಳು, ಮೆಟ್ಟು ಹಾಕಲಿಲ್ಲ, ಅಂಗಳದ ಕಲ್ಲು ಸುಡುತ್ತಿತ್ತು.

ರಸ್ತೆಯ ಹೊಂಗೆಮರದಡಿ ಗಂಡಸರು. ಏನ್ ತಾಯಿ, ಬಿಸ್ಲಲ್ಲಿ, ತವರಿಗೆ ಒಂಟ್ರಾ, ಅಂದರು ಸಣ್ಣಬೀರಯ್ಯ. ಚಿಕ್ಕಬಸಪ್ಪ ಎದ್ದು ಬಂದ, ಏನೇ ಇದು, ಒಳಿಕ್ ನಡಿ, ಅವಳ ಸೆರಗಿನ ಗಂಟು ನೋಡಿದ, ಒಳಗಿನ ಗಾಜು ಕಿಣಿಕಿಣಿ ಅಂದಿತು, ಆತನಿಗೆ ತಿಳಿಯಿತು, ದನಿ ತಗ್ಗಿತು, ಬ್ಯಾಡ ಕಣೇ, ನನ್ ಮಾತ್ ಕೇಳು, ಆ ದನಿಯಲ್ಲಿ ಆತ ಅವಳ ಹತ್ತಿರ ಮಾತಾಡಿ ಎಷ್ಟು ವರ್ಷವಾಗಿತ್ತು, ಅವಳಿಗೆ ಕನಿಕರವಾಯಿತು, ಕೈ ಹಿಡಿದು ಮನೆಗೆ ಹೋಗಿಬಿಡಬಹುದಿತ್ತು, ಅಷ್ಟರಲ್ಲಿ ತಿರುವಿನಲ್ಲಿ ಧೂಳು, ಜೀಪು, ಅವಳ ಕೈ ಮೇಲೆದ್ದಿತ್ತು, ಜೀಪು ನಿಂತಿತು, ಹಿಂದೆ ಹೊಟ್ಟು ತುಂಬಿದ ಐಸಿನ ಪೆಟ್ಟಿಗೆ, ಲಸಿಕೆ ಮುಗಿದಿರಬೇಕು, ಐಸು ಉಳಿದಿರಬೇಕು, ಉಳಿದಿರಲಿ — ಡಾಕ್ಟರು ಇಳಿದರು, ಏನಮ್ಮಾ. ಅವಳು ಗಂಟು ಬಿಚ್ಚಿ ಸೀಸೆ ತೋರಿಸಿದಳು. ಫ್ಲಾಸ್ಕಲ್ಲಿರೋದು ಕಾಫಿ ಡಾಕ್ಟ್ರೇ, ನಾನೇ ಐಸು ಚೆಲ್ದೆ, ಗೊತ್ತಾಗ್ಲಿಲ್ಲ. ಅವರ ಮುಖ ಬಿಳಿಚಿತು. ಅವಳು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ, ಹೊಸದು ಸಿಗ್ತದೆ ಬನ್ನಿ, ಹೋರಿ ಊರಲ್ಲೇ ಐತೆ, ನಮ್ಮ ಹಿತ್ತಲಲ್ಲಿ, ಜ್ವರ ಐತೆ, ಮೂಗು ಕೆಂಪಗೈತೆ. ಡಾಕ್ಟರು ಐಸಿನ ಪೆಟ್ಟಿಗೆಯತ್ತ ತಿರುಗಿದರು, ಗಂಡನ ಕಡೆ ಅವಳು ನೋಡಲಿಲ್ಲ, ನೋಡಲಾಗಲಿಲ್ಲ, ಸಂಜೆ ಏನು, ನಾಳೆ ಏನು, ಅವನು ಊಟಕ್ಕೆ ಕೂರುತ್ತಾನೋ ಇಲ್ಲವೋ, ಯಾವುದೂ ಮುಂದಕ್ಕೆ ಸಾಗದು, ಕಣ್ಣ ಮುಂದೆ ಒಂದೇ, ಸೆರಗಿನ ಆಚೆ ಜೋತದ್ದು, ಮೆತ್ತನೆಯ ಗೊರಸು, ಬಿಳಿ, ನೆಲ ತಾಗದ್ದು, ಬಿಳಿ —